15 ವರ್ಷ ಇಟ್ಟುಕೊಳ್ಳುವ ಕಾರಿಗೆ ಮ್ಯಾನುವಲ್ ಒಳ್ಳೆಯದಾ, ಆಟೊಮ್ಯಾಟಿಕ್ ಒಳ್ಳೆಯದಾ?

ಹೊಸಚಾಲಕ

ಹೊಸ ಕಾರು ತೆಗೆದುಕೊಳ್ಳುತ್ತಿದ್ದೇವೆ. ಒಮ್ಮೆ ತೆಗೆದುಕೊಂಡರೆ ಕನಿಷ್ಠ 15 ವರ್ಷ ಅದನ್ನೇ ಇಟ್ಟುಕೊಳ್ಳುವ ಆಸೆ. ಓಡಾಟ ಜಾಸ್ತಿ ಟ್ರಾಫಿಕ್‌ನಲ್ಲೇ, ಆಗಾಗ ಹೈವೇ. ಮನೆಯಲ್ಲಿ ಎಲ್ಲರಿಗೂ ಆಟೊಮ್ಯಾಟಿಕ್ ಬೇಕು. ಅಣ್ಣ ಒಬ್ಬರು ಮಾತ್ರ "ಆಟೊಮ್ಯಾಟಿಕ್ ಅಷ್ಟು ವರ್ಷ ಬಾಳಲ್ಲ, ಗೇರ್‌ಬಾಕ್ಸ್ ಕೈಕೊಟ್ಟ ದಿನ ಕಾರನ್ನೇ ಮಾರಬೇಕಾಗುತ್ತೆ, ಸುಮ್ನೆ ಮ್ಯಾನುವಲ್ ತಗೋ" ಅನ್ನುತ್ತಾರೆ. ಮೈಲೇಜ್, ಪಿಕಪ್ ಇವೆಲ್ಲ ಬಿಡಿ, ನನಗೆ ಬೇಕಾಗಿರುವುದು ಬಾಳಿಕೆ. ಗೇರ್‌ಬಾಕ್ಸ್ ಯಾವುದು ಅನ್ನುವುದರಿಂದ ಎಂಜಿನ್ ಆಯಸ್ಸಿಗೂ ವ್ಯತ್ಯಾಸ ಆಗುತ್ತದಾ? ತಿಳಿದವರು ಹೇಳಿ.

ಹಳೇಗಾಡಿ

ನಿಮ್ಮ ಅಣ್ಣ ಹೇಳಿದ್ದೇ ಸರಿ. ಮ್ಯಾನುವಲ್ ಒಳಗೆ ಇರುವುದು ಶಾಫ್ಟ್, ಗೇರ್, ಬೇರಿಂಗ್, ಸಿಂಕ್ರೊನೈಸರ್ ರಿಂಗ್, ಫೋರ್ಕ್, ಒಂದಿಷ್ಟು ಆಯಿಲ್. ಮುಖ್ಯವಾಗಿ ಸವೆಯುವುದು ಕ್ಲಚ್ ಪ್ಲೇಟ್. ಅದು ಸವೆದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಮತ್ತೆ ಓಡಿಸಬಹುದು. ಗೇರ್‌ಬಾಕ್ಸ್ ಕೆಳಗಿಳಿಸಬೇಕಾಗುತ್ತದೆ ನಿಜ, ಆದರೆ ಅದನ್ನು ಬಿಚ್ಚಬೇಕಿಲ್ಲ. ಆಟೊಮ್ಯಾಟಿಕ್‌ನಲ್ಲಿ ಪಂಪ್, ವಾಲ್ವ್ ಬಾಡಿ, ಸೊಲೆನಾಯ್ಡ್, ಸಾಲು ಸಾಲು ಕ್ಲಚ್ ಪ್ಯಾಕ್, ಎಲ್ಲದರ ಮೇಲೆ ಒಂದು ಕಂಪ್ಯೂಟರ್. ಕೆಟ್ಟಿರುವುದು ಎಲ್ಲಿ ಅಂತ ಹುಡುಕುವ ಮೆಕ್ಯಾನಿಕ್ ಸಿಗುವುದೇ ಕಷ್ಟ, ಹಾಗಾಗಿ "ಇಡೀ ಗೇರ್‌ಬಾಕ್ಸ್ ಬದಲಾಯಿಸಿ" ಅನ್ನುತ್ತಾರೆ. 15 ವರ್ಷದ ಕಾರಿಗೆ ಆ ಖರ್ಚು ಯಾರು ಮಾಡುತ್ತಾರೆ?

ಸ್ಪ್ಯಾನರ್

ರಿಪೇರಿ ಸುಲಭ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆಟೊಮ್ಯಾಟಿಕ್ ಅಂತ ಒಂದೇ ಗುಂಪಿಗೆ ಸೇರಿಸಿ ಮಾತಾಡಿದರೆ ಉತ್ತರವೇ ಸಿಗುವುದಿಲ್ಲ. ಶೋರೂಮಿನಲ್ಲಿ ಆಟೊಮ್ಯಾಟಿಕ್ ಅಂತ ಮಾರುವ ಕಾರುಗಳ ಒಳಗೆ ಬೇರೆ ಬೇರೆ ಯಂತ್ರಗಳಿರುತ್ತವೆ, ಒಂದೊಂದು ಕೆಡುವ ರೀತಿಯೂ ಬೇರೆ.

ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವುದು ಎಲ್ಲಕ್ಕಿಂತ ಹಳೆಯ, ಪಳಗಿದ ವಿನ್ಯಾಸ. 1940ರ ಮಾದರಿ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಅನ್ನುವ ಗೇರ್‌ಬಾಕ್ಸ್ ಬಂದಾಗಿನಿಂದ ಗೇರ್ ತಾನಾಗಿ ಬದಲಾಗುವ ಕಾರು ಜನರ ಕೈಗೆ ಸಿಕ್ಕಿದೆ. ಅದರಲ್ಲಿ ಕನ್ವರ್ಟರ್ ಇರಲಿಲ್ಲ, ಫ್ಲೂಯಿಡ್ ಕಪ್ಲಿಂಗ್ ಇತ್ತು. ಆದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಉಪಾಯ ಅಲ್ಲೇ ಇತ್ತು. ಹೊರಡುವಾಗ ಪ್ಲೇಟ್ ಉಜ್ಜುವ ಬದಲು ಆಯಿಲ್ ಸುತ್ತುತ್ತದೆ, ಹಾಗಾಗಿ ಟ್ರಾಫಿಕ್‌ನಲ್ಲಿ ನಿಂತು ಹೊರಟು ಮಾಡುವುದು ಇದಕ್ಕೆ ಅಷ್ಟು ಭಾರವಲ್ಲ. ಆಯಿಲ್ ಸರಿಯಾಗಿ ನೋಡಿಕೊಂಡರೆ ಮೂರು ಲಕ್ಷ ಕಿಲೋಮೀಟರ್ ದಾಟಿದ ಕಾರುಗಳು ಎಷ್ಟೋ ಇವೆ.

ಡ್ಯುಯಲ್ ಕ್ಲಚ್ (ಡಿಸಿಟಿ) ಅಂದರೆ ಎರಡು ಕ್ಲಚ್, ಗೇರ್ ಬದಲಾಯಿಸುವುದು ಕಂಪ್ಯೂಟರ್. ಇದರಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದೂ ಇದೆ, ಒಣಗಿರುವುದೂ ಇದೆ. ಒಣ ಕ್ಲಚ್ ಟ್ರಾಫಿಕ್‌ನಲ್ಲಿ ತೆವಳುವಾಗ ಬೇಗ ಬಿಸಿಯಾಗುತ್ತದೆ. ಫೋರ್ಡ್ ಫೋಕಸ್, ಫಿಯೆಸ್ಟಾ ಕಾರುಗಳ ಪವರ್‌ಶಿಫ್ಟ್ ಅನ್ನುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಡುಗುತ್ತದೆ ಅಂತ ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೆ ಹೋಗಿ, 2020ರಲ್ಲಿ ರಾಜಿ ಆಯಿತು. ಫೋಕ್ಸ್‌ವ್ಯಾಗನ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಡಿಎಸ್‌ಜಿ ತೊಂದರೆಗೆ 2013ರಲ್ಲಿ ಚೀನಾ ಒಂದರಲ್ಲೇ 3.84 ಲಕ್ಷ ಕಾರು ವಾಪಸ್ ಕರೆಸಬೇಕಾಯಿತು. ನಿಮ್ಮಂಥ ಓಡಾಟಕ್ಕೆ ಒಣ ಕ್ಲಚ್‌ನ ಡಿಸಿಟಿ ನಾನಂತೂ ಹೇಳುವುದಿಲ್ಲ.

ಸಿವಿಟಿ ಅಂದರೆ ಗೇರಿನ ಹಂತಗಳೇ ಇಲ್ಲದ ಆಟೊಮ್ಯಾಟಿಕ್, ಒಳಗೆ ಎರಡು ಪುಲ್ಲಿ ನಡುವೆ ಉಕ್ಕಿನ ಬೆಲ್ಟ್. ನಯವಾಗಿ ಓಡುತ್ತದೆ. ಆಯಿಲ್ ಕೆಟ್ಟು ಬೆಲ್ಟ್ ಜಾರಿದರೆ ಪುಲ್ಲಿ ಮೈಗೆ ಗೀರು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಿಸ್ಸಾನ್ ತನ್ನ ಕೆಲವು ಮಾದರಿಗಳ ಸಿವಿಟಿಗೆ ಅಮೆರಿಕದಲ್ಲಿ ವಾರಂಟಿಯನ್ನು 10 ವರ್ಷಕ್ಕೆ ಏರಿಸಿದ್ದು ಸುಮ್ನೆ ಅಲ್ಲ. ಟೊಯೊಟಾ ಹೈಬ್ರಿಡ್‌ಗಳ ಇ-ಸಿವಿಟಿಯನ್ನು ಇದರ ಜೊತೆ ಸೇರಿಸಬೇಡಿ. ಅದರಲ್ಲಿ ಬೆಲ್ಟೇ ಇಲ್ಲ. ಪ್ಲಾನೆಟರಿ ಗೇರ್, ಎರಡು ಮೋಟರ್, ಅಷ್ಟೇ. ಸವೆಯುವ ಕ್ಲಚ್ ಕೂಡ ಇಲ್ಲ. ಬಾಳಿಕೆ ಒಂದೇ ನೋಡುವುದಾದರೆ ನನ್ನ ಮೊದಲ ಆಯ್ಕೆ ಅದು.

ಎಎಂಟಿ ಅಂದರೆ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಾಯಿಸುವ ಕೆಲಸ ಮಾತ್ರ ಆಕ್ಚುಯೇಟರ್‌ದು, ಅಂದರೆ ಕೈಕಾಲಿನ ಬದಲು ಯಂತ್ರದ್ದು. ಪ್ಲೇಟ್ ಮಾಮೂಲಿಯಂತೆ ಸವೆಯುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆಯೇ ನಿಲ್ಲಿಸುವವರ ಕೈಲಿ ಇನ್ನೂ ಬೇಗ.

ಹೊಸಚಾಲಕ

ಇಷ್ಟು ವಿವರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್. ನಾವು ನೋಡಿರುವುದರಲ್ಲಿ ಒಂದು ಟಾರ್ಕ್ ಕನ್ವರ್ಟರ್, ಒಂದು ಸಿವಿಟಿ. ಟಾರ್ಕ್ ಕನ್ವರ್ಟರ್ ಕಾರಿನ ಸೇಲ್ಸ್‌ನವರು "ಇದರ ಗೇರ್ ಆಯಿಲ್ ಲೈಫ್‌ಟೈಮ್, ಬದಲಾಯಿಸಲೇಬೇಕಿಲ್ಲ" ಅಂದರು. ನಂಬಬಹುದಾ?

ಸ್ಪ್ಯಾನರ್

ದಯವಿಟ್ಟು ನಂಬಬೇಡಿ. ಎಷ್ಟೋ ಒಳ್ಳೆಯ ಗೇರ್‌ಬಾಕ್ಸ್‌ಗಳು ಸಾಯುವುದು ಈ ಒಂದು ಮಾತಿನಿಂದಲೇ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆಟೊಮ್ಯಾಟಿಕ್‌ನ ಆಯಿಲ್ ಬರೀ ಜಾರುವುದಕ್ಕೆ ಇರುವುದಲ್ಲ. ಒತ್ತಡ ಕೊಟ್ಟು ಕ್ಲಚ್ ಹಿಡಿಯುವುದೂ ಅದೇ, ಬಿಸಿ ಹೊತ್ತುಕೊಂಡು ಹೋಗುವುದೂ ಅದೇ, ಸವೆದ ಪುಡಿಯನ್ನು ಫಿಲ್ಟರ್‌ಗೆ ತಲುಪಿಸುವುದೂ ಅದೇ. ಬಿಸಿ ಏರಿದಷ್ಟೂ ಅದರ ಆಯಸ್ಸು ಕುಗ್ಗುತ್ತದೆ. ಬಿಎಂಡಬ್ಲ್ಯು ಮುಂತಾದ ಕಾರುಗಳಿಗೆ 8 ಗೇರಿನ ಆಟೊಮ್ಯಾಟಿಕ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಹೆಚ್ಚೆಂದರೆ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಅದೇ ಗೇರ್‌ಬಾಕ್ಸ್ ಹಾಕಿದ ಕಾರು ಕಂಪನಿ ಲೈಫ್‌ಟೈಮ್ ಅಂದರೆ ಯಾರ ಮಾತು ಕೇಳಬೇಕು ಹೇಳಿ. ಟ್ರಾಫಿಕ್ ಓಡಾಟಕ್ಕೆ ನಾನು ಇನ್ನೂ ಬೇಗ, 60,000ದ ಆಸುಪಾಸಿಗೇ ಬದಲಾಯಿಸಿ ಅನ್ನುತ್ತೇನೆ. ಸಿವಿಟಿಯಾದರೆ ಅದಕ್ಕೆಂದೇ ಇರುವ ಫ್ಲೂಯಿಡ್ ಹಾಕಬೇಕು, ಸಿಕ್ಕಿದ್ದೆಲ್ಲ ಹಾಕುವಂತಿಲ್ಲ.

ಇನ್ನೊಂದು. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಹೊರಗೆ ಬರುವುದಿಲ್ಲ. ಒಂದಷ್ಟು ಕನ್ವರ್ಟರ್ ಒಳಗೇ ಉಳಿಯುತ್ತದೆ. ಅದಕ್ಕೇ ಕೆಲವರು ಸ್ವಲ್ಪ ಓಡಿಸಿ ಎರಡನೇ ಸಲ ಇಳಿಸಿ ತುಂಬುತ್ತಾರೆ. ಕೂಲಂಟ್ ಕೂಡ ಮರೆಯಬೇಡಿ. ಆಯಿಲ್ ತಣಿಸುವ ಕೂಲರ್ ರೇಡಿಯೇಟರ್ ಒಳಗೇ ಇರುವ ಕಾರುಗಳಲ್ಲಿ, ಅದು ಒಳಗೆ ಸೋರಿದರೆ ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಕ್ಲಚ್ ಪ್ಲೇಟಿನ ಅಂಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಉಳಿಸುವುದು ಕಷ್ಟ.

ದೂರದಾರಿ

ಎಂಜಿನ್ ಬಗ್ಗೆ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ವ್ಯತ್ಯಾಸ ಆಗುತ್ತದೆ, ಮತ್ತು ಅಲ್ಲಿ ಆಟೊಮ್ಯಾಟಿಕ್ ಕಡೆಗೇ ತಕ್ಕಡಿ ವಾಲುತ್ತದೆ. ಮ್ಯಾನುವಲ್‌ನಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು ಅಷ್ಟೇ, ಚಕ್ರದಿಂದ ಬರುವ ವೇಗವನ್ನು ತಡೆಯಲಾರದು. ವಾಲ್ವ್ ಬಾಗುವವರೆಗೂ ಹೋಗುತ್ತದೆ. ಆಟೊಮ್ಯಾಟಿಕ್ ಅಂಥ ಗೇರಿಗೆ ಇಳಿಯಲು ಒಪ್ಪುವುದೇ ಇಲ್ಲ. ಇನ್ನು ಟಾಪ್ ಗೇರಿನಲ್ಲಿ 1,200 ಆರ್‌ಪಿಎಂಗೆ ಇಳಿಸಿ ಆಕ್ಸಿಲರೇಟರ್ ಒತ್ತುವವರು ತುಂಬ ಜನ, ಎಂಜಿನ್ ಗುದ್ದಿದ ಹಾಗೆ ನಡುಗುತ್ತದಲ್ವಾ, ಆ ಭಾರ ಬೇರಿಂಗ್‌ಗಳ ಮೇಲೂ, ಇದ್ದರೆ ಎಂಜಿನ್ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಮೇಲೂ ಬೀಳುತ್ತದೆ, ಟರ್ಬೊ ಪೆಟ್ರೋಲ್‌ನಲ್ಲಂತೂ ಪಿಸ್ಟನ್‌ಗೂ ಒಳ್ಳೆಯದಲ್ಲ.

ಆಟೊಮ್ಯಾಟಿಕ್ ಓಡಿಸುವವರಿಗೂ ಕೆಲವು ಮಾತು. ಕಾರು ಪೂರ್ತಿ ನಿಂತ ಮೇಲೇ ಆರ್‌ನಿಂದ (ರಿವರ್ಸ್) ಡಿಗೆ (ಡ್ರೈವ್) ಹಾಕಿ. ಇಳಿಜಾರಿನಲ್ಲಿ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ (ಪಾರ್ಕ್). ಇಲ್ಲದಿದ್ದರೆ ಇಡೀ ಕಾರಿನ ಭಾರ ಒಂದು ಸಣ್ಣ ಲೋಹದ ಕೊಕ್ಕೆಯ ಮೇಲೆ ನಿಲ್ಲುತ್ತದೆ. ಕೆಟ್ಟು ನಿಂತರೆ ಎಂಜಿನ್ನಿನಿಂದ ಓಡುವ ಚಕ್ರಗಳನ್ನು ನೆಲಕ್ಕೆ ಬಿಟ್ಟು ಎಳೆಸಬೇಡಿ. ಎಂಜಿನ್ ಓಡದೆ ಪಂಪ್ ಓಡುವುದಿಲ್ಲ, ಒಳಗೆ ಆಯಿಲ್ ಇಲ್ಲದೆ ಉಜ್ಜಿ ಹೋಗುತ್ತದೆ.

ಹಳೇಗಾಡಿ

ಎಂಜಿನ್ ಮಾತು ಸರಿಯಾಗಿದೆ. ಆದರೂ ನನ್ನ ಚಿಂತೆ ಹಾಗೇ ಇದೆ. 12ನೇ ವರ್ಷದಲ್ಲಿ ಒಂದು ವಾಲ್ವ್ ಬಾಡಿಯೋ ಕಂಟ್ರೋಲ್ ಯೂನಿಟ್ಟೋ ಬೇಕಾದರೆ ಕಂಪನಿಯ ಬಳಿ ಅದು ಇರಬೇಕಲ್ಲ. ಕ್ಲಚ್ ಪ್ಲೇಟ್ ಎಲ್ಲಿಯಾದರೂ ಸಿಗುತ್ತದೆ. ಆಟೊಮ್ಯಾಟಿಕ್ಕೇ ಬೇಕು ಅಂದರೆ ಒಂದೇ ಗೇರ್‌ಬಾಕ್ಸನ್ನು ಹಲವು ಕಂಪನಿಗಳ ಹಲವು ಮಾದರಿಗಳಿಗೆ ಹಾಕಿರುವಂಥದ್ದನ್ನು ಆರಿಸಿ, ಬಿಡಿಭಾಗಕ್ಕೆ ಪರದಾಡಬೇಕಾಗುವುದಿಲ್ಲ. ಮ್ಯಾನುವಲ್ ಆದರೆ ಕ್ಲಚ್ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬೇಡಿ, ಗೇರ್ ಕೋಲಿನ ಮೇಲೆ ಕೈ ಊರಬೇಡಿ, ಅದರ ಆಯಿಲ್ ಕೂಡ ಬದಲಾಯಿಸಬೇಕು ಅನ್ನುವುದು ನೆನಪಿರಲಿ.

ಹೊಸಚಾಲಕ

ಹಾಗಾದರೆ ಸಿವಿಟಿ ಬಿಟ್ಟು ಟಾರ್ಕ್ ಕನ್ವರ್ಟರ್ ಕಡೆಗೇ ಹೋಗುತ್ತೇವೆ. ಅಣ್ಣನಿಗೂ ಇದನ್ನೆಲ್ಲ ಓದಿಸುತ್ತೇನೆ. ಬುಕ್ ಮಾಡುವ ಮೊದಲು ಇನ್ನೇನಾದರೂ ಕೇಳಬೇಕಾ?

ಸ್ಪ್ಯಾನರ್

ಓನರ್ಸ್ ಮ್ಯಾನುವಲ್ ಕೇಳಿ ಪಡೆದು, ಸರ್ವಿಸ್ ಪಟ್ಟಿಯಲ್ಲಿ ಕಠಿಣ ಬಳಕೆ ಅಂತ ಬೇರೆ ಭಾಗ ಇರುತ್ತದೆ, ಅದನ್ನು ನೋಡಿ. ನಿಂತು ನಿಂತು ಹೋಗುವ ಟ್ರಾಫಿಕ್, ಜಾಸ್ತಿ ಬಿಸಿಲು, ಧೂಳು, ಸಣ್ಣ ಸಣ್ಣ ಓಡಾಟ ಎಲ್ಲ ಅದರಲ್ಲೇ ಬರುತ್ತವೆ. ಲೈಫ್‌ಟೈಮ್ ಅಂದ ಆಯಿಲ್‌ಗೆ ಅಲ್ಲಿ ಎಷ್ಟೋ ಸಲ ಕಿಲೋಮೀಟರ್ ಲೆಕ್ಕ ಬರೆದಿರುತ್ತಾರೆ. ಇದ್ದರೆ ಆ ಪುಟದ ಫೋಟೊ ತೆಗೆದು ಸೇಲ್ಸ್‌ನವರಿಗೂ ತೋರಿಸಿ.