ಪದಚರ್ಚೆ: ಅಯಾನು–ಪರಮಾಣು ಡಿಕ್ಕಿಯೋ, ಸಂಘಟ್ಟನೆಯೋ? (ಫ್ಲೆಕ್ಸ್ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು)

ದಾವಣಗೆರೆಯಿಂದ, ಬೆಳಿಗ್ಗೆ 9.40

ಬಳಗದ ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಕಾಲೇಜಿನಲ್ಲಿ ವಸ್ತುಪ್ರದರ್ಶನ ಇದೆ. ನಮ್ಮ ಬಿ.ಎಸ್ಸಿ. ಹುಡುಗಿಯರು ಮಾಡಿದ ಮಾದರಿಗೆ ಆರಡಿ ಫ್ಲೆಕ್ಸ್ ಬರೆಸಬೇಕು. ವೇಗವಾಗಿ ಬರುವ ಅಯಾನು (ವಿದ್ಯುದಾವೇಶ ಹೊತ್ತ ಕಣ) ಅನಿಲದ ಪರಮಾಣುವಿಗೆ ಬಡಿದಾಗ ಎಲೆಕ್ಟ್ರಾನುಗಳು ಹೊರಗೆ ಹಾರುತ್ತವೆ. ಅವುಗಳ ಶಕ್ತಿಯನ್ನು ತೀರಾ ಸೂಕ್ಷ್ಮವಾಗಿ ಅಳೆದು, ಬಡಿದ ಆ ಗಳಿಗೆಯಲ್ಲಿ ಪರಮಾಣುವಿನೊಳಗೆ ಏನಾಯಿತು ಎಂದು ತಿಳಿಯುವುದೇ ವಿಷಯ.

ಕಲಿಶನ್, ಸ್ಪೆಕ್ಟ್ರಾಸ್ಕೊಪಿ (ಹೀಗೆ ಶಕ್ತಿಯನ್ನು ಬಿಡಿಸಿ ಅಳೆಯುವುದು), ಹೈ ರೆಸಲ್ಯೂಶನ್ (ತೀರಾ ಹತ್ತಿರದ ಎರಡನ್ನು ಬೇರೆಯಾಗಿ ತೋರಿಸುವ ಸೂಕ್ಷ್ಮತೆ), ಈ ಮೂರಕ್ಕೂ ಕನ್ನಡ ಬೇಕು. ಮೊನ್ನೆ ನಾನು ‘ಸಂಘಟ್ಟನೆ’ ಎಂದು ಬರೆದುಕೊಟ್ಟಿದ್ದೆ. ಅಂಗಡಿಯಿಂದ ಬಂದದ್ದು ‘ಅಯಾನು–ಪರಮಾಣು ಸಂಘಟನೆ’. ಟಕಾರದ ಕೆಳಗಿನ ಒತ್ತು ಬಿದ್ದುಹೋಗಿ, ಬಡಿದುಕೊಳ್ಳಬೇಕಾದ ಎರಡೂ ಸೇರಿ ಸಂಘ ಕಟ್ಟಿದ ಅರ್ಥ ಬಂತು. ಒಂಬೈನೂರು ರೂಪಾಯಿ ಹುಡುಗಿಯರೇ ಹಾಕಿದ್ದು, ಅದು ಹೋಯಿತು. ಹೈ ರೆಸಲ್ಯೂಶನ್ನಿಗೆ ಫೋನು ‘ಉನ್ನತ ನಿರ್ಣಯ’ ಎಂದು ಕೊಡುತ್ತದೆ. ಗ್ರಾಮಸಭೆಯ ಠರಾವಿಗೂ ಪರಮಾಣುವಿಗೂ ಏನು ಸಂಬಂಧ? ಸಂಜೆ ಏಳಕ್ಕೆ ಅಂಗಡಿ ಮುಚ್ಚುತ್ತದೆ. ದಯವಿಟ್ಟು ಬೇಗ ಹೇಳಿ.

ಹೊಳಲ್ಕೆರೆಯಿಂದ, 9.52

ಡಿಕ್ಕಿ. ಇದಕ್ಕೆ ಚರ್ಚೆ ಬೇಕಿಲ್ಲ.

ಹರಿಹರದಿಂದ, 10.15

ಮೇಡಂ, ‘ಸಂಘಟ್ಟನೆ’ಯೇ ಸರಿ. ಅಂಗಡಿಯವನು ಒತ್ತು ಬಿಟ್ಟರೆ ಅದು ಪದದ ತಪ್ಪಲ್ಲ. ಇನ್ನು ಯಾರಾದರೂ ‘ಘರ್ಷಣೆ’ ಎನ್ನುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ‘ಘೃಷ್’ ಎಂದರೆ ಉಜ್ಜು, ತಿಕ್ಕು. ಒಂಬತ್ತನೇ ತರಗತಿಯ ಮಗುವಿಗೂ ಘರ್ಷಣೆ ಎಂದರೆ ಫ್ರಿಕ್ಷನ್. ಅದನ್ನೇ ಇಲ್ಲಿ ತಂದು ಹಾಕಿದರೆ ಮಕ್ಕಳ ತಲೆ ಕೆಡುತ್ತದೆ.

ಸ್ಪೆಕ್ಟ್ರಮ್‌ಗೆ ‘ರೋಹಿತ’ ಬಳಕೆಯಲ್ಲಿದೆ, ಅದನ್ನು ಬಿಡಬೇಡಿ. ಬಾಗದೆ ನೆಟ್ಟಗಿರುವ ಇಂದ್ರಧನುಸ್ಸಿಗೆ ಸಂಸ್ಕೃತದಲ್ಲಿ ರೋಹಿತ ಎಂದೇ ಹೆಸರು. ಪಟ್ಟಿಯಾಗಿ ಹರಡಿದ ಬಣ್ಣಕ್ಕೆ ಇದಕ್ಕಿಂತ ಒಪ್ಪುವ ಪದ ಬೇರೆ ಭಾಷೆಯಲ್ಲೂ ಇಲ್ಲ. ಇನ್ನೊಂದು ಮಾತು, ಇದು ನನಗೆ ಬಹಳ ಪ್ರಿಯವಾದದ್ದು: ‘ಅಯಾನು’ ಬರೀ ಇಂಗ್ಲಿಷಿನ ಉಚ್ಚಾರವಲ್ಲ. 1834ರಲ್ಲಿ ಫ್ಯಾರಡೆ ಆ ಹೆಸರನ್ನು ಬಳಕೆಗೆ ತಂದಾಗ ಗ್ರೀಕಿನ ‘ಹೋಗುವುದು’ ಎಂಬ ಅರ್ಥದ ಪದ ಹಿಡಿದರು. ನಮ್ಮ ‘ಅಯನ’ವೂ ಹೋಗುವುದೇ. ಉತ್ತರಾಯಣ, ದಕ್ಷಿಣಾಯನ ನೆನಪಿಸಿಕೊಳ್ಳಿ. ಗ್ರೀಕಿನ ಧಾತುವೂ ಸಂಸ್ಕೃತದ ‘ಇ’ ಧಾತುವೂ ಒಂದೇ ಬೇರಿನವು. ಹಾಗೆಯೇ ಲ್ಯಾಟಿನ್ನಿನ ‘ನೋಡು’ ಧಾತುವಿನಿಂದ ಸ್ಪೆಕ್ಟ್ರಮ್, ಅದರ ಒಡಹುಟ್ಟಿದ ಸಂಸ್ಕೃತದ ‘ಸ್ಪಶ್’ ಧಾತುವಿನಿಂದ ‘ಸ್ಪಷ್ಟ’. ನೀವು ಹುಡುಕುತ್ತಿರುವ ಸ್ಪೆಕ್ಟ್ರಮ್ಮೂ ಸ್ಪಷ್ಟತೆಯೂ ಅಕ್ಕ ತಂಗಿಯರು.

ಚಿತ್ರದುರ್ಗದಿಂದ, 10.48

ಹರಿಹರದ ಹಿರಿಯರು ಗ್ರೀಕಿಗೂ ಸಂಸ್ಕೃತಕ್ಕೂ ನೆಂಟಸ್ತನ ತೋರಿಸಿದರು, ಸಂತೋಷ. ಕನ್ನಡ ಎಲ್ಲಿ? ಹೋಗುವುದೇ ಅರ್ಥವಾದರೆ ನಮ್ಮಲ್ಲಿ ‘ದಾರಿಹೋಕ’ ಇಲ್ಲವೇ? ಅಯಾನಿಗೆ ‘ಹೋಕ’ ಅನ್ನಿ. ಎಲೆಕ್ಟ್ರಾನಿಗೆ ‘ಕಳೆವಣಿ’ ಆಗಲೇ ಇದೆ. ಹೋಕ–ಅಣು ತಾಕಲಾಟ. ಒತ್ತಿಲ್ಲ, ಮಹಾಪ್ರಾಣ ಇಲ್ಲ, ಫ್ಲೆಕ್ಸ್ ಅಂಗಡಿಯವನೂ ತಪ್ಪು ಮಾಡಲಾರ. ಒತ್ತು ಬಿದ್ದದ್ದು ಅವನ ತಪ್ಪು ಎನ್ನುತ್ತೀರಿ. ನಮ್ಮ ಬಾಯಲ್ಲಿ ಇಲ್ಲದ ಪದವನ್ನು ಅವನ ಕೈಗೆ ಕೊಟ್ಟದ್ದು ಯಾರ ತಪ್ಪು?

ಹರಿಹರದಿಂದ, 10.55

‘ತಾಕಲಾಟ’ ಮನಸ್ಸಿನದು. ಮದುವೆ ಮಾತುಕತೆಯಲ್ಲಿ ಆಗುವುದು. ‘ಅಣು’ ಎಂದರೆ ಮಾಲಿಕ್ಯೂಲ್, ಪರಮಾಣು ಅಲ್ಲ. ‘ಹೋಕ’ದ ಬಗ್ಗೆ ನಾನು ಮಾತಾಡುವುದಿಲ್ಲ.

ಹೊಳಲ್ಕೆರೆಯಿಂದ, 11.03

ಅಣುಬಾಂಬು, ಅಣುಸ್ಥಾವರ ಅಂತ ಎಪ್ಪತ್ತು ವರ್ಷದಿಂದ ಪೇಪರಿನವರು ಬರೀತಿದಾರೆ. ಅಲ್ಲಿ ಅಣು ಎಂದರೆ ಯಾವುದು? ನಮ್ಮ ತಾಲ್ಲೂಕಿನಲ್ಲಿ ‘ಕೊಳವೆಬಾವಿ’ ಅನ್ನುವ ಒಬ್ಬ ರೈತನನ್ನು ತೋರಿಸಿ. ಬೋರು ಹಾಕಿಸಿದೆ, ಬೋರು ಫೇಲಾಯ್ತು, ಅಷ್ಟೇ. ಸಾವಿರ ಅಡಿ ಕೊರೆಸಿ ನೀರು ಬರದೆ ಅತ್ತವನ ಬಾಯಲ್ಲಿ ಇರುವ ಪದ ಕನ್ನಡವಲ್ಲದೆ ಮತ್ತೇನು? ಟಗರು ಟಗರಿಗೆ ಡಿಕ್ಕಿ ಹೊಡೆಯುತ್ತೆ. ಲಾರಿ ಬೈಕಿಗೆ ಡಿಕ್ಕಿ ಹೊಡೆಯುತ್ತೆ. ಅಯಾನೂ ಹೊಡೆಯಲಿ.

ಚಳ್ಳಕೆರೆಯಿಂದ, ಮಧ್ಯಾಹ್ನ 12.30

ನಾನು ಕೆಲವು ವರ್ಷ ವೇಗವರ್ಧಕದ (ಅಯಾನುಗಳನ್ನು ವೇಗವಾಗಿ ಓಡಿಸುವ ಯಂತ್ರ) ಕಿರಣಸಾಲಿನ ಕೆಲಸ ಮಾಡಿದವನು. ಪದ ಆರಿಸುವ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿಬಿಡೋಣ.

‘ಡಿಕ್ಕಿ’ಗೆ ನನ್ನ ತಕರಾರು ಒಂದೇ. ಎಷ್ಟೋ ಸಲ ಅಯಾನು ಪರಮಾಣುವನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿ ಹಾಯ್ದುಹೋಗುತ್ತದೆ. ಅದರ ವಿದ್ಯುದಾವೇಶದ ಸೆಳೆತಕ್ಕೇ ಎಲೆಕ್ಟ್ರಾನು ಕಿತ್ತು ಬರುತ್ತದೆ. ಆದರೆ ನೇರವಾಗಿ ಬಡಿದು ಹಾರಿಸುವ ಪ್ರಸಂಗವೂ ಉಂಟು. ಆಗ ಮುಂದಕ್ಕೆ ಹಾರಿದ ಎಲೆಕ್ಟ್ರಾನಿನ ವೇಗ ಅಯಾನಿನ ವೇಗದ ಸುಮಾರು ಎರಡರಷ್ಟು. ಇನ್ನು ಕೆಲವು ಅಯಾನಿನ ಜೊತೆಗೇ, ಅದರದೇ ವೇಗದಲ್ಲಿ ಹೊರಡುತ್ತವೆ. ಇಷ್ಟನ್ನೂ ‘ಡಿಕ್ಕಿ’ ಹೊರುತ್ತದೆಯೇ? ಇಂಗ್ಲಿಷಿನ ಪದವೂ ಹೊರುವುದಿಲ್ಲ, ಆದರೂ ಅವರು ಅದನ್ನೇ ಬಳಸುತ್ತಾರೆ. ಹಾಗಾಗಿ ನಾನು ಒಪ್ಪಿಕೊಳ್ಳುತ್ತೇನೆ.

ಮುಖ್ಯವಾದದ್ದು ರೆಸಲ್ಯೂಶನ್. ಹೀಲಿಯಮ್ ತೆಗೆದುಕೊಳ್ಳಿ. ಅದಕ್ಕಿರುವುದು ಎರಡೇ ಎಲೆಕ್ಟ್ರಾನು. ಅಯಾನು ಹಾಯ್ದಾಗ ಎರಡೂ ಒಟ್ಟಿಗೆ ಮೇಲಿನ ಮಟ್ಟಕ್ಕೆ ಏರಬಹುದು. ಆಮೇಲೆ ಒಂದು ಕೆಳಗಿಳಿಯುತ್ತದೆ, ಉಳಿದ ಶಕ್ತಿಯನ್ನು ಇನ್ನೊಂದಕ್ಕೆ ಕೊಡುತ್ತದೆ, ಆ ಇನ್ನೊಂದು ಹೊರಗೆ ಹಾರುತ್ತದೆ. ಹೀಗೆ ಹಾರಿದವುಗಳಲ್ಲಿ ಒಂದು ಗುಂಪಿನ ಶಕ್ತಿ 35.3 ಎಲೆಕ್ಟ್ರಾನ್ ವೋಲ್ಟ್ (ಇಷ್ಟು ಸಣ್ಣ ಶಕ್ತಿಯನ್ನು ಅಳೆಯುವ ಮಾನ), ಅದರ ಪಕ್ಕದ್ದು 35.6ರ ಹತ್ತಿರ. ನಡುವೆ ಸುಮಾರು ಕಾಲು ಎಲೆಕ್ಟ್ರಾನ್ ವೋಲ್ಟಿನ ಅಂತರ. ಉಪಕರಣ ಒರಟಾಗಿದ್ದರೆ ಎರಡೂ ಕೂಡಿ ಒಂದೇ ದಿಬ್ಬ ಕಾಣುತ್ತದೆ. ನಯವಾಗಿದ್ದರೆ ಎರಡು ಶಿಖರ, ಅದರಲ್ಲೂ ಒಂದು ಕಡೆ ವಾಲಿದ ಆಕಾರ. ಪರಮಾಣುವಿನೊಳಗೆ ಏನಾಯಿತು ಎಂಬ ಕಥೆ ಇರುವುದು ಆ ವಾಲಿದ ಆಕಾರದಲ್ಲೇ.

ಉಪಕರಣ ಮಾಡುವುದು ಜರಡಿಯ ಕೆಲಸ. ಎರಡು ಬಾಗಿದ ತಗಡು, ನಡುವೆ ವೋಲ್ಟೇಜು. ಸರಿಯಾದ ಶಕ್ತಿಯ ಎಲೆಕ್ಟ್ರಾನು ಮಾತ್ರ ಬಾಗಿ ಸೀಳುಗಂಡಿಯಿಂದ ಹೊರಬರುತ್ತದೆ, ಉಳಿದವು ತಗಡಿಗೆ ಬಡಿಯುತ್ತವೆ. ಒಳಗೆ ಬಿಡುವ ಮೊದಲೇ ಎಲೆಕ್ಟ್ರಾನುಗಳನ್ನು ನಿಧಾನ ಮಾಡಿದರೆ ಜರಡಿಯ ಕಣ್ಣು ಇನ್ನೂ ಸಣ್ಣದಾಗುತ್ತದೆ. ಪರಮಾಣುವಿನಿಂದಲ್ಲದೆ ಓಡುವ ಅಯಾನಿನಿಂದಲೇ ಹಾರುವ ಎಲೆಕ್ಟ್ರಾನು ಓಡುವ ಬಸ್ಸಿನಿಂದ ಎಸೆದ ಕಲ್ಲಿನ ಹಾಗೆ, ಬಸ್ಸಿನ ವೇಗವೂ ಸೇರಿಕೊಂಡು ಶಿಖರ ಹರಡಿಕೊಳ್ಳುತ್ತದೆ. ಅದಕ್ಕೇ ಕಿರಣದ ನೇರದಲ್ಲಿ, ಸೊನ್ನೆ ಡಿಗ್ರಿಯಲ್ಲಿ ನಿಂತು ಅಳೆಯುತ್ತಾರೆ. ಅಲ್ಲಿ ಆ ಹರಡಿಕೆ ತೀರಾ ಕಡಿಮೆ.

ದಾವಣಗೆರೆಯವರು ಮಂಡಕ್ಕಿ ಭಟ್ಟಿ ನೋಡಿದವರು. ಕಾದ ಮರಳು ಕೆಳಗೆ, ಮಂಡಕ್ಕಿ ಮೇಲೆ, ನಡುವೆ ಜರಡಿ. ಕಣ್ಣು ಎಷ್ಟು ಸಣ್ಣ ಎನ್ನುವುದೇ ರೆಸಲ್ಯೂಶನ್.

ಚಿತ್ರದುರ್ಗದಿಂದ, 12.41

‘ಜರಡಿಗಣ್ಣು’. ಇದಕ್ಕಿಂತ ಕನ್ನಡ ಬೇಕೆ?

ಹರಿಹರದಿಂದ, 12.50

ಪಠ್ಯಪುಸ್ತಕದ ಪದ ‘ಪೃಥಕ್ಕರಣ’. ಜರಡಿ ಹೋಲಿಕೆ ಚೆನ್ನಾಗಿದೆ, ಪಾಠದಲ್ಲಿ ಹೇಳಲಿ. ಶೀರ್ಷಿಕೆಯಲ್ಲಿ ಜರಡಿ ಬೇಡ. ಹುಡುಗಿಯರು ನಾಳೆ ಎಂ.ಎಸ್ಸಿ.ಗೆ ಹೋದರೆ ಜರಡಿಗಣ್ಣು ಎಂದು ಉತ್ತರ ಬರೆಯುತ್ತಾರೆಯೇ?

ಚಿತ್ರದುರ್ಗದಿಂದ, 12.58

ಬರೆಯಲಿ. ಬರೆದರೇ ತಾನೆ ಪದ ನಿಲ್ಲುವುದು? ‘ಪೃಥಕ್ಕರಣ’ವನ್ನು ಯಾರು ಯಾವ ಹೊಲದಲ್ಲಿ ಬಿತ್ತಿದರು?

ಹೊಳಲ್ಕೆರೆಯಿಂದ, 1.10

ಎಂ.ಎಸ್ಸಿ.ಯಲ್ಲಿ ಎಲ್ಲರೂ ರೆಸಲ್ಯೂಶನ್ ಅಂತಲೇ ಬರೆಯುತ್ತಾರೆ. ಇಬ್ಬರೂ ಊಟ ಮಾಡಿ.

ದಾವಣಗೆರೆಯಿಂದ, ಸಂಜೆ 5.20

ಎಲ್ಲರಿಗೂ ಧನ್ಯವಾದ. ಮಧ್ಯಾಹ್ನ ಲ್ಯಾಬಿನಲ್ಲಿ ಮಾದರಿ ಮಾಡಿದ ಹುಡುಗಿಯರಿಗೇ ನಾಲ್ಕು ಸಾಲು ಬರೆದು ಓದಿಸಿದೆ. ‘ಹೋಕ’ ಎಂದಾಗ ಒಬ್ಬಳು “ಯಾರು ಮೇಡಂ ಹೋಗಿದ್ದು?” ಎಂದಳು. ‘ಪೃಥಕ್ಕರಣ’ವನ್ನು ಮೂವರಲ್ಲಿ ಇಬ್ಬರು ಓದುವಾಗ ತಡವರಿಸಿದರು. ‘ಡಿಕ್ಕಿ’ಗೆ ಯಾರೂ ನಿಲ್ಲಲಿಲ್ಲ. ಸ್ಪೆಕ್ಟ್ರಮ್‌ಗೆ ಇರುವ ಇನ್ನೊಂದು ಪದ ‘ವರ್ಣಪಟಲ’ ಅವರಿಗೆ ಗೊತ್ತು, ಆದರೆ “ಎಲೆಕ್ಟ್ರಾನಿಗೆ ಬಣ್ಣ ಎಲ್ಲಿ ಐತಿ ಮೇಡಂ?” ಎಂದು ಅವರೇ ಕೇಳಿದರು. ಇಲ್ಲಿ ಹರಡುವುದು ಬಣ್ಣವಲ್ಲ, ಶಕ್ತಿ. ಹಾಗಾಗಿ ರೋಹಿತವೇ ಉಳಿಯಿತು, ಸ್ಪೆಕ್ಟ್ರಾಸ್ಕೊಪಿಗೆ ‘ರೋಹಿತದರ್ಶನ’. ಅದರ ನೆಟ್ಟಗಿನ ಕಾಮನಬಿಲ್ಲಿನ ಅರ್ಥ ಹೇಳಿದಾಗ ಒಬ್ಬಳು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು.

ಫ್ಲೆಕ್ಸಿಗೆ ಹೀಗೆ ಕೊಡುತ್ತಿದ್ದೇನೆ: ‘ಅಯಾನು ಪರಮಾಣುವಿಗೆ ಡಿಕ್ಕಿ ಹೊಡೆದಾಗ: ಸೂಕ್ಷ್ಮ ಎಲೆಕ್ಟ್ರಾನ್ ರೋಹಿತದರ್ಶನ’. ಕೆಳಗೆ ಹೀಲಿಯಮ್ಮಿನ ಎರಡು ಚಿತ್ರ, ಒಂದರಲ್ಲಿ ಒಂದೇ ದಿಬ್ಬ, ಇನ್ನೊಂದರಲ್ಲಿ ಎರಡು ಶಿಖರ. ಪಕ್ಕದಲ್ಲಿ ‘ಜರಡಿಯ ಕಣ್ಣು ಸಣ್ಣದಾದಷ್ಟೂ ಎರಡೂ ಬೇರೆಯಾಗಿ ಕಾಣುತ್ತವೆ’ ಎಂಬ ಸಾಲು. ಚಳ್ಳಕೆರೆ ಸರ್ ಹೇಳಿದ ಹಾಯ್ದುಹೋಗುವ ಮಾತನ್ನು ಮಕ್ಕಳು ಬಾಯಲ್ಲಿ ವಿವರಿಸುತ್ತಾರೆ.

ಹರಿಹರದಿಂದ, 5.34

ಮೇಡಂ, ಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ‘ಸಂಘಟ್ಟನೆ’, ‘ಪೃಥಕ್ಕರಣ’ ಎಂದು ಹಾಕಿಸಿ. ಆ ಮಕ್ಕಳಿಗೆ ಗ್ರಂಥಾಲಯದಲ್ಲಿ ಪುಸ್ತಕ ತೆರೆದಾಗ ಸಿಗುವುದು ಆ ಪದಗಳೇ. ಅಲ್ಲಿ ಅವರು ಅಪರಿಚಿತರಾಗಬಾರದು.

ದಾವಣಗೆರೆಯಿಂದ, 6.45

ಹಾಕಿಸಿದೆ ಸರ್. ಅಂಗಡಿಯಲ್ಲೇ ಇದ್ದೇನೆ. ಪರದೆಯ ಮೇಲೆ ದೊಡ್ಡದು ಮಾಡಿಸಿ ಟ ಒತ್ತು, ಕ ಒತ್ತು ಎರಡನ್ನೂ ನೋಡಿದ ಮೇಲೆಯೇ ಅಚ್ಚಿಗೆ ಬಿಟ್ಟೆ.