ಸಹಾಯ ಬೇಕು: ಎಸ್ಟೋನಿಯಾದ ಹಾಡುಹಬ್ಬದ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಎಸ್ಟೋನಿಯಾದ ಗಾಯನ ಸಂಘಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಹತ್ತಿರ ಇರುವುದು ಇಷ್ಟು. ಅಲ್ಲಿ ಮೊದಲ ಹಾಡುಹಬ್ಬ, ಅಂದರೆ ಊರೂರಿನ ಗಾಯನ ಸಂಘಗಳು ಒಂದೆಡೆ ಸೇರಿ ಹಾಡುವ ಹಬ್ಬ, ನಡೆದಿದ್ದು 1869ರಲ್ಲಿ, ಟಾರ್ಟು ಊರಲ್ಲಿ. ಆಗ ಎಸ್ಟೋನಿಯಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ ನಾಡು. 1918ರಲ್ಲಿ ಸ್ವತಂತ್ರ ದೇಶವಾಯಿತು, 1921ರಲ್ಲಿ ಗಾಯಕರ ಒಕ್ಕೂಟ ಹುಟ್ಟಿತು. ಆಮೇಲೆ 1923, 1928, 1933, 1938, ಹೀಗೆ ಐದು ವರ್ಷಕ್ಕೊಮ್ಮೆ ರಾಜಧಾನಿ ಟಾಲಿನ್‌ನಲ್ಲಿ ಹಬ್ಬ. ಆಗ ಇಡೀ ದೇಶದ ಜನಸಂಖ್ಯೆ ಹನ್ನೊಂದು ಲಕ್ಷದ ಆಸುಪಾಸು, ನಮ್ಮ ಈಗಿನ ಒಂದು ದೊಡ್ಡ ಜಿಲ್ಲೆಯಷ್ಟೂ ಇಲ್ಲ ಅನ್ನಿ! ತಮಾಷೆ ಏನಂದ್ರೆ, ಅವರ ರಾಷ್ಟ್ರಗೀತೆಗೂ ಪಕ್ಕದ ಫಿನ್‌ಲ್ಯಾಂಡಿನದಕ್ಕೂ ರಾಗ ಒಂದೇ. ಅದನ್ನು ಕಟ್ಟಿದವರು ಫ್ರೆಡ್ರಿಕ್ ಪಾಸಿಯಸ್, ಹುಟ್ಟಿನಿಂದ ಜರ್ಮನ್. ‘ನಮ್ಮತನ’ ಅನ್ನೋದು ಎಲ್ಲೆಲ್ಲಿಂದ ಬರುತ್ತೆ ನೋಡಿ.

ನನಗೆ ಬೇಕಿರುವುದು ಹಳ್ಳಿಯ ಸಂಘಗಳ ವಿವರ. ರೈತರು ಯಾವಾಗ ಅಭ್ಯಾಸ ಮಾಡುತ್ತಿದ್ದರು? ಟಾಲಿನ್‌ಗೆ ಹೋಗುವ ಖರ್ಚು ಯಾರು ಕೊಡುತ್ತಿದ್ದರು? ಎಸ್ಟೋನಿಯನ್ ಓದಲು ಬರುವವರು, ಅಲ್ಲಿ ಓದುತ್ತಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಹಳೆಯ ಪತ್ರಿಕೆಯ ಒಂದೆರಡು ಪುಟ ಓದಿ ಅರ್ಥ ಹೇಳಿದರೂ ಸಾಕು. ಹಾಡುಹಬ್ಬಕ್ಕೆ ಅವರ ಭಾಷೆಯಲ್ಲಿರುವ ಹೆಸರನ್ನು ‘ಲೌಲುಪಿದು’ ಅಂತ ಬರೆದಿದ್ದೇನೆ, ಉಚ್ಚಾರಣೆ ಸರಿ ಅಲ್ವಾ?