ಪವರ್ ಆಂಪ್ಲಿಫೈಯರ್ ಆಯ್ಕೆ: ಭಾವನವರ ಪ್ರಶ್ನೆಗೆ ಉತ್ತರ

ಭಾವ, ನಮಸ್ಕಾರ. ನಿನ್ನೆ ನೀವು ಗುಂಪಿನಲ್ಲಿ ಕೇಳಿದ್ದಕ್ಕೆ ನಾಲ್ಕು ಸಾಲು ಬರೆದರೆ ಸಾಲದು ಎನಿಸಿ ಹೇಳಿಯೇ ಕಳಿಸುತ್ತಿದ್ದೇನೆ, ಬಿಡುವಾದಾಗ ಕೇಳಿ. ನಿಮ್ಮ ಬಳಿ 4 ಓಮ್‌ನ, 86 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಜೋಡಿ ಇದೆ, ವಾಲ್ಯೂಮ್ ಹೆಚ್ಚು ಕಡಿಮೆ ಮಾಡಬಲ್ಲ ಡ್ಯಾಕ್ (ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ) ಇದೆ, ಇನ್ನು ಬೇಕಿರುವುದು ಆ ಸಂಕೇತವನ್ನು ಸ್ಪೀಕರ್ ನಡೆಸುವಷ್ಟು ಬಲಪಡಿಸುವ ಪವರ್ ಆಂಪ್ಲಿಫೈಯರ್ ಮಾತ್ರ. ಯಾರೋ ಬಳಸಿದ, 8 ಓಮ್‌ಗೆ 80 ವ್ಯಾಟ್ ಎಂದು ಬರೆದಿರುವ ಭಾರವಾದ, ಸಾಂಪ್ರದಾಯಿಕ ಬಗೆಯ ಕ್ಲಾಸ್ ಎಬಿ ಯಂತ್ರ ಒಂದು ಕಡೆ, 300 ವ್ಯಾಟ್ ಎಂದು ಬರೆದಿರುವ ಅಂಗೈಯಗಲದ ಹೊಸ ಕ್ಲಾಸ್ ಡಿ (ವಿದ್ಯುತ್ತನ್ನು ಅತಿ ವೇಗವಾಗಿ ಸ್ವಿಚ್ ಮಾಡುತ್ತಾ ಕೆಲಸ ಮಾಡುವ ಬಗೆ) ಪೆಟ್ಟಿಗೆ ಇನ್ನೊಂದು ಕಡೆ. ಬೆಲೆ ಹೆಚ್ಚುಕಡಿಮೆ ಒಂದೇ ಆಗಿರುವಾಗ ವ್ಯಾಟ್ ಹೆಚ್ಚಿರುವುದನ್ನು ಬಿಡುವುದು ದಡ್ಡತನವಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ವ್ಯಾಟ್ ಎಷ್ಟು ಬೇಕೆಂದು ಮೊದಲು ನಿಮ್ಮ ಸ್ಪೀಕರನ್ನೇ ಕೇಳೋಣ. 86 ಡೆಸಿಬೆಲ್ ಎಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸಿಗುವ ಸದ್ದು. 8 ಓಮ್ ಸ್ಪೀಕರ್ ಆಗಿದ್ದರೆ ಆ 2.83 ವೋಲ್ಟ್ ಸರಿಯಾಗಿ ಒಂದು ವ್ಯಾಟ್ ಆಗುತ್ತಿತ್ತು. ನಿಮ್ಮದು 4 ಓಮ್ ಆದ್ದರಿಂದ ಅದೇ ಸದ್ದಿಗೆ ಎರಡು ವ್ಯಾಟ್ ಬೇಕು. ನೀವು ಕೂರುವುದು ಮೂರು ಮೀಟರ್ ದೂರದಲ್ಲಿ ಎಂದಿದ್ದೀರಿ. ದೂರದಿಂದ ಕಳೆದುಹೋಗುವುದನ್ನು ಗೋಡೆಗಳ ಪ್ರತಿಫಲನವೂ ಎರಡನೆಯ ಸ್ಪೀಕರೂ ಒಂದಿಷ್ಟು ತುಂಬಿಕೊಡುವುದರಿಂದ, ಆ ಎರಡು ವ್ಯಾಟ್‌ಗೆ ನಿಮ್ಮ ಕುರ್ಚಿಯಲ್ಲಿ ಸುಮಾರು 81 ಡೆಸಿಬೆಲ್ ಸಿಗುತ್ತದೆ ಎಂದು ಇಟ್ಟುಕೊಳ್ಳಿ. ಮನೆಯಲ್ಲಿ ಮನಸಾರೆ ಕೇಳುವ ಮಟ್ಟ ಸರಾಸರಿ 75 ಡೆಸಿಬೆಲ್‌ನಷ್ಟು. ಅದಕ್ಕೆ ಅರ್ಧ ವ್ಯಾಟ್ ಸಾಕು. ಹೌದು, ಅರ್ಧ ವ್ಯಾಟ್. ಆದರೆ ಚೆನ್ನಾಗಿ ಧ್ವನಿಮುದ್ರಿಸಿದ ಸಂಗೀತದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ನೆಗೆಯಬಹುದು, ಮತ್ತು 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಹಾಗಾಗಿ ಆ ಕ್ಷಣಕ್ಕೆ 50 ವ್ಯಾಟ್ ಬೇಕಾಗುತ್ತದೆ. ಇನ್ನೂ ಜೋರಾಗಿ ಕೇಳುವ ದಿನಗಳಿಗೆಂದು ಅದರ ಎರಡು ಪಟ್ಟು, ಅಂದರೆ 4 ಓಮ್‌ಗೆ 100 ವ್ಯಾಟ್ ಇದ್ದರೆ ಧಾರಾಳವಾಯಿತು.

ಇಲ್ಲಿಂದ ಮುಂದಕ್ಕೆ ಕೊಡುವ ಹಣಕ್ಕೆ ಕಿವಿಗೆ ಸಿಗುವ ಪ್ರತಿಫಲ ಬಹಳ ಕಡಿಮೆ. ಶಕ್ತಿ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ನಿಮ್ಮ 80 ಮತ್ತು 300ರ ನಡುವಿನ ಅಂತರ, ಎರಡೂ ನಿಜವೆಂದೇ ಒಪ್ಪಿಕೊಂಡರೂ, 6 ಡೆಸಿಬೆಲ್‌ಗಿಂತ ತುಸು ಕಡಿಮೆ.

ಆ 300 ನಿಜವೇ ಎಂಬುದು ಬೇರೆ ಮಾತು. ನೀವು ಕಳಿಸಿದ ಚಿತ್ರದಲ್ಲಿ ಆ ಪೆಟ್ಟಿಗೆಯ ಒಳಗಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಎಂದಿದೆ. ಒಳ್ಳೆಯ ಚಿಪ್, ಅನುಮಾನವಿಲ್ಲ. ಆದರೆ ಅದನ್ನು ಮಾಡಿದವರ ದತ್ತಾಂಶ ಪತ್ರದಲ್ಲಿರುವ 315 ವ್ಯಾಟ್, 4 ಓಮ್‌ಗೆ, ಶೇಕಡಾ 10ರಷ್ಟು ವಿರೂಪವನ್ನು ಒಪ್ಪಿಕೊಂಡಾಗ ಸಿಗುವ ಅಂಕಿ. ವಿರೂಪವನ್ನು ಶೇಕಡಾ 1ಕ್ಕೆ ಇಳಿಸಿದರೆ ಅದೇ ಪತ್ರ 260 ಎನ್ನುತ್ತದೆ. ಶೇಕಡಾ 10 ವಿರೂಪದ ಸಂಗೀತವನ್ನು ಯಾರೂ ಕುಳಿತು ಕೇಳುವುದಿಲ್ಲ. ಇನ್ನು ಆ ಪೆಟ್ಟಿಗೆಯ ಜೊತೆಗೆ ಬರುವ ಅಡಾಪ್ಟರ್ ನೋಡಿ: 48 ವೋಲ್ಟ್, 5 ಆಂಪಿಯರ್, ಗುಣಿಸಿದರೆ 240 ವ್ಯಾಟ್, ಅದೂ ಎರಡೂ ಚಾನೆಲ್‌ಗೆ ಸೇರಿಸಿ. ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಎಲ್ಲಿಂದ ಬರಬೇಕು? ಒಳಗಿನ ಕೆಪಾಸಿಟರ್‌ಗಳು ಕ್ಷಣಮಾತ್ರದ ಏರಿಕೆಗೆ ಒದಗುತ್ತವೆ, ಆದರೆ ನಿರಂತರವಾಗಿ ಚಾನೆಲ್‌ಗೆ ನೂರು ವ್ಯಾಟ್‌ನ ಆಸುಪಾಸು ಎಂದು ತಿಳಿಯಿರಿ. ಪೆಟ್ಟಿಗೆಯ ಮೇಲೆ ವ್ಯಾಟ್ ಎಂದು ಬರೆದಿರುವಲ್ಲೆಲ್ಲ ಎಷ್ಟು ಓಮ್‌ಗೆ, ಎಷ್ಟು ವಿರೂಪದಲ್ಲಿ, ಎಷ್ಟು ಚಾನೆಲ್ ಒಟ್ಟಿಗೆ ನಡೆಯುವಾಗ ಎಂಬ ಮೂರನ್ನೂ ಕೇಳಬೇಕು. ಪಿಎಂಪಿಒ ಎಂಬ ಉಬ್ಬಿಸಿದ ವ್ಯಾಟ್ ಲೆಕ್ಕ ಬರೆದಿದ್ದರೆ ಕೇಳುವುದೂ ಬೇಡ, ಅಲ್ಲಿಂದ ಎದ್ದು ಬನ್ನಿ.

ಕ್ಲಾಸ್ ಡಿ ಬಗ್ಗೆ ಇನ್ನೊಂದು ವಿಷಯವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಇದರ ಹೊರತುದಿಯಲ್ಲಿ ಸುರುಳಿ ಮತ್ತು ಕೆಪಾಸಿಟರ್ ಇರುವ ಫಿಲ್ಟರ್ ಒಂದಿರುತ್ತದೆ. ಹೊರಬಂದ ಸಂಕೇತವನ್ನು ಮತ್ತೆ ಒಳಗೆ ತಂದು ತಪ್ಪು ತಿದ್ದಿಕೊಳ್ಳುವ ಫೀಡ್‌ಬ್ಯಾಕನ್ನು ಆ ಫಿಲ್ಟರ್‌ಗೆ ಮೊದಲೇ ತೆಗೆದುಕೊಂಡಿದ್ದರೆ, ಸ್ಪೀಕರ್‌ನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಹೇಗಿದೆಯೋ ಹಾಗೆ ತಾರಸ್ವರಗಳ ಮಟ್ಟ ಏರುಪೇರಾಗುತ್ತದೆ. ಒಬ್ಬರ ಮನೆಯಲ್ಲಿ ಹಿತವಾಗಿ ಕೇಳಿಸಿದ ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ ಚುರುಕಾಗಿಯೋ ಮಂಕಾಗಿಯೋ ಕೇಳಿಸಲು ಇದೂ ಒಂದು ಕಾರಣ. ಫಿಲ್ಟರ್ ದಾಟಿದ ಮೇಲೆ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ವಿನ್ಯಾಸದಲ್ಲಿ ಈ ತೊಂದರೆ ಬಹುಪಾಲು ಇರುವುದಿಲ್ಲ. ಹೈಪೆಕ್ಸ್ ಕಂಪನಿಯ ಎನ್‌ಕೋರ್, ಪ್ಯೂರಿಫೈ ಕಂಪನಿಯ ಐಗನ್‌ಟಾಕ್ಟ್ ಎಂಬ ಕ್ಲಾಸ್ ಡಿ ಮಾಡ್ಯೂಲ್‌ಗಳಿಗೆ ಒಳ್ಳೆಯ ಹೆಸರು ಬಂದಿರುವುದಕ್ಕೆ ಇದೂ ಕಾರಣ. ಈಗ ಟಿಪಿಎ3255 ಪೆಟ್ಟಿಗೆಗಳಲ್ಲೂ ಕೆಲವರು ಹೀಗೆ ಮಾಡುತ್ತಾರೆ, ಮಾಡಿದವರು ವಿವರಣೆಯಲ್ಲಿ ಪಿಎಫ್‌ಎಫ್‌ಬಿ (ಪೋಸ್ಟ್ ಫಿಲ್ಟರ್ ಫೀಡ್‌ಬ್ಯಾಕ್) ಎಂದು ಹೆಮ್ಮೆಯಿಂದಲೇ ಬರೆದುಕೊಂಡಿರುತ್ತಾರೆ.

ಹಳೆಯ ಕ್ಲಾಸ್ ಎಬಿ ಯಂತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ಹಿಂಬದಿಯಲ್ಲಿ 4 ಓಮ್‌ಗೆ 120 ಅಥವಾ ಅದಕ್ಕಿಂತ ಹೆಚ್ಚು ವ್ಯಾಟ್ ಎಂದು ನಮೂದಿಸಿದ್ದರೆ ನಿಮ್ಮ ಲೆಕ್ಕಕ್ಕೆ ಅದು ಸಾಕು. 4 ಓಮ್‌ನ ಮಾತೇ ಇಲ್ಲದಿದ್ದರೆ ಬೇಡ. ನೋಡಲು ಹೋದಾಗ ಮಲ್ಟಿಮೀಟರ್ ಒಯ್ಯಿರಿ: ಇನ್‌ಪುಟ್‌ಗೆ ಏನನ್ನೂ ಜೋಡಿಸದೆ, ಯಂತ್ರ ಬಿಸಿಯಾದ ಮೇಲೆ, ಸ್ಪೀಕರ್ ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟೇಜ್ ಅಳೆದರೆ 50 ಮಿಲಿವೋಲ್ಟ್‌ನೊಳಗೆ ಇರಬೇಕು. ಸಣ್ಣ ಸದ್ದಿನಲ್ಲಿ ಒಂದು ಚಾನೆಲ್ ಬಂದು ಹೋಗುತ್ತಿದ್ದರೆ ಸ್ಪೀಕರನ್ನು ಜೋಡಿಸುವ ಒಳಗಿನ ಸ್ವಿಚ್, ಅಂದರೆ ರಿಲೇ, ಸವೆದಿರಬಹುದು, ಸ್ಪೀಕರ್‌ನಲ್ಲಿ ಗುಂಯ್‌ಗುಡುತ್ತಿದ್ದರೆ ಕೆಪಾಸಿಟರ್‌ಗಳಿಗೆ ವಯಸ್ಸಾಗಿರಬಹುದು. ಅವನ್ನು ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಹೋಲಿಸಿ. ಇಂಥ ಯಂತ್ರ ಸುಮ್ಮನಿದ್ದಾಗಲೂ 40 ವ್ಯಾಟ್‌ನಷ್ಟು ಎಳೆಯಬಹುದು, ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 73 ಯೂನಿಟ್.

ಗೇನ್, ಅಂದರೆ ಒಳಬಂದ ವೋಲ್ಟೇಜನ್ನು ಆಂಪ್ಲಿಫೈಯರ್ ಎಷ್ಟು ಹೆಚ್ಚಿಸುತ್ತದೆ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಡ್ಯಾಕ್ 2 ವೋಲ್ಟ್ ಕೊಡುತ್ತದೆ. 26 ಡೆಸಿಬೆಲ್ ಗೇನ್ ಎಂದರೆ (ಶಕ್ತಿಯಲ್ಲಲ್ಲ, ವೋಲ್ಟೇಜ್‌ನಲ್ಲಿ) ಇಪ್ಪತ್ತು ಪಟ್ಟು, ಅಂದರೆ 40 ವೋಲ್ಟ್, ನಿಮ್ಮ ಸ್ಪೀಕರ್‌ಗೆ ಅದು 400 ವ್ಯಾಟ್‌ನ ಲೆಕ್ಕ. ಅದಕ್ಕಿಂತ ಹೆಚ್ಚಿನ ಗೇನ್‌ನಿಂದ ಬರುವುದು ಬರೀ ಹಿಸ್ ಸದ್ದು.

ಹಾಗಾದರೆ ಯಾವುದು ಎಂದು ಕೇಳಿದರೆ, ನಾನೂ ಹೊಸ ಪೆಟ್ಟಿಗೆಯತ್ತಲೇ ವಾಲುತ್ತೇನೆ, ಆದರೆ 300 ಎಂಬ ಅಂಕಿಯನ್ನು ನೋಡಿ ಅಲ್ಲ. ಫಿಲ್ಟರ್ ನಂತರದ ಫೀಡ್‌ಬ್ಯಾಕ್ ಇದ್ದು, 48 ವೋಲ್ಟ್‌ನ 10 ಆಂಪಿಯರ್ ಅಡಾಪ್ಟರ್ ಸಿಗುವುದಾದರೆ ಮಾತ್ರ. ಇವೆರಡರಲ್ಲಿ ಮೊದಲನೆಯದು ಇಲ್ಲದಿದ್ದರೆ, ಪರೀಕ್ಷೆಯಲ್ಲಿ ಪಾಸಾದ ಹಳೆಯ ಯಂತ್ರವೇ ಮೇಲು. ಕೊನೆಗೊಂದು ಎಚ್ಚರಿಕೆ: ಹೊಸ ಪೆಟ್ಟಿಗೆ ತಂದರೆ, ಅದರ ಸ್ಪೀಕರ್ ಟರ್ಮಿನಲ್‌ನ ಕಪ್ಪು ತುದಿ ಗ್ರೌಂಡ್ ಅಲ್ಲ, ಅದರಲ್ಲೂ ವೋಲ್ಟೇಜ್ ಇರುತ್ತದೆ. ಎರಡು ಚಾನೆಲ್‌ಗಳ ಕಪ್ಪು ತಂತಿಗಳನ್ನು ಒಂದಕ್ಕೊಂದು ಸೇರಿಸುವ ಹಳೆಯ ಸ್ಪೀಕರ್ ಸ್ವಿಚ್ ನಿಮ್ಮ ಕಪಾಟಿನಲ್ಲಿದ್ದರೆ ದಯವಿಟ್ಟು ಅದನ್ನು ಇದಕ್ಕೆ ಜೋಡಿಸಬೇಡಿ.